ಹಳೆಯ ದೋಣಿಗೆ ಹೊಸ ಡೆಕ್ಕು

೧೯೯೬ರ ಬೇಸಿಗೆಯಲ್ಲಿ ನಾನು ಕಲಬುರಗಿಯ ಹೊರವಲಯದ ಒಂದು ಫೈಬರ್‌ಗ್ಲಾಸ್ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್ ಆಗಿದ್ದೆ. ಅಲ್ಲಿದ್ದ ಹೆಂಗಸು ನಾನೊಬ್ಬಳೇ. ಜೇವರ್ಗಿ ಕಾಲೋನಿಯ ಮನೆಯಿಂದ ಬೆಳಿಗ್ಗೆ ಲೂನಾ ಮೇಲೆ ಹೊರಟರೆ ಬಿಸಿಲೇರುವ ಮೊದಲೇ ಕೆಲಸ ಶುರುವಾಗಿರುತ್ತಿತ್ತು. ನಮ್ಮಲ್ಲಿ ತಯಾರಾಗುತ್ತಿದ್ದದ್ದು ಏರ್ ಕೂಲರಿನ ಬಾಡಿ, ನೀರಿನ ಟ್ಯಾಂಕು, ಶೆಡ್ಡಿಗೆ ಹೊದಿಸುವ ಶೀಟು. ದೋಣಿಯ ಕೆಲಸ ನಮ್ಮದಲ್ಲ. ಆದರೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮಂಗಳೂರಿನ ದೋಣಿ ಕಾರ್ಖಾನೆಯೊಂದರಲ್ಲಿ ಕೆಲಕಾಲ ತರಬೇತಿ ಪಡೆದಿದ್ದೆ. ಮಾಲಕರಾದ ವೀರಣ್ಣನವರು ಅದನ್ನು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದರು. ಆ ಮಾತು ಹೇಗೋ ಕಮಲಾಪುರದವರೆಗೂ ಹೋಗಿತ್ತು.

ಏಪ್ರಿಲ್‌ನಲ್ಲಿ ಒಂದು ಟ್ರ್ಯಾಕ್ಟರ್ ನಮ್ಮ ಅಂಗಳಕ್ಕೆ ಬಂತು. ಟ್ರೇಲರಿನ ಮೇಲೆ ಹಗ್ಗ ಬಿಗಿದ ಬಿಳಿ ದೋಣಿ. ಅದರ ಪಕ್ಕದಲ್ಲಿ ಒಂದು ಕೈ ದೋಣಿಯ ಮೇಲಿಟ್ಟುಕೊಂಡೇ ನಿಂತಿದ್ದವನು ಭೀಮಶಾ, ಅದನ್ನು ನಡೆಸುವವನು. ಕಮಲಾಪುರದ ಬಳಿ ಜಲಾಶಯದ ಹಿನ್ನೀರು ಅವನ ಊರಿನ ಬಂಡಿ ದಾರಿಯನ್ನು ನುಂಗಿತ್ತು. ಬಳಸಿಕೊಂಡು ಹೋಗುವ ಗುಡ್ಡದ ಹಾದಿ ಮಳೆ ಬಂದರೆ ಕೆಸರು. ಬಾಳೆಗೊನೆ ಮಾರುವವರು, ಹೈಸ್ಕೂಲಿನ ಹುಡುಗಿಯರು, ಹೆರಿಗೆಗೆ ಹೋಗುವವರು ಎಲ್ಲರಿಗೂ ಈ ದೋಣಿಯೇ ದಾರಿ. ಯಾವುದೋ ದೊಡ್ಡ ಊರಿನ ಕೆರೆಯಲ್ಲಿ ವಿಹಾರಕ್ಕೆ ಬಳಸಿ ಬಿಟ್ಟ ದೋಣಿಯನ್ನು ಒಂದು ಕಚೇರಿ ಅವರಿಗೆ ಕೊಡಿಸಿತ್ತು. ಹೊಸದು ಬೇಕೆಂದು ಓಡಾಡಿದ್ದು ದಂಡವಾಗಿತ್ತು.

ಕೆಲವು ದಿನಗಳ ಹಿಂದೆ ಕಾಶಮ್ಮ ಎಂಬ ವಯಸ್ಸಾದ ಹೆಂಗಸು ಬಾಳೆಹಣ್ಣಿನ ಬುಟ್ಟಿ ಹೊತ್ತು ದೋಣಿ ಹತ್ತಿದಾಗ ಕಾಲು ಡೆಕ್ಕಿನೊಳಗೆ ಮೊಣಕಾಲಿನವರೆಗೆ ಇಳಿದಿತ್ತು. ಡೆಕ್ಕು ಎಂದರೆ ದೋಣಿಯ ಮೇಲ್ಗಡೆಯ ಹಾಸು, ಜನ ಕಾಲಿಡುವ ಜಾಗ.

"ಅದೊಂದು ಕಡಿ ತೂತು ಬಿದ್ದದ, ಉಳಿದ ಕಡಿ ಮ್ಯಾಲ ಬಿರುಕಷ್ಟೇ ಬಿಟ್ಟದ್ರಿ ಮೇಡಂ," ಎಂದ ಭೀಮಶಾ. "ಪುಟ್ಟಿ ತುಂಬಿ ಕೊಟ್ರ ಮಳಿಗಾಲ ದಾಟ್ತದ."

ನಾನು ಸಣ್ಣ ಸುತ್ತಿಗೆಯಿಂದ ಡೆಕ್ಕನ್ನು ಉದ್ದಕ್ಕೂ ತಟ್ಟುತ್ತ ಹೋದೆ. ಗಟ್ಟಿಯಾಗಿರುವ ಕಡೆ 'ಟಕ್' ಎನ್ನಬೇಕು. ಹೆಚ್ಚಿನ ಕಡೆ ಒದ್ದೆ ಮಡಕೆ ತಟ್ಟಿದಂತೆ ಮಂಕು ಸದ್ದು ಬಂತು.

"ಬಿರುಕು ಮ್ಯಾಲ ಕಾಣ್ಲಕತ್ತದ, ಕೆಟ್ಟಿದ್ದು ಒಳಗ ಅದ," ಎಂದೆ.

ಇಂಥ ಡೆಕ್ಕಿನಲ್ಲಿ ಮೇಲೊಂದು ಕೆಳಗೊಂದು ಫೈಬರ್‌ಗ್ಲಾಸಿನ ತೆಳು ಪದರ, ನಡುವೆ ಪ್ಲೈವುಡ್. ಪ್ಲೈವುಡ್ ಒಣಗಿರುವವರೆಗೆ ಮೂರೂ ಸೇರಿ ಒಂದೇ ಹಲಗೆಯಂತೆ ಭಾರ ಹೊರುತ್ತವೆ. ಈ ದೋಣಿಗೆ ಹಿಂದೊಮ್ಮೆ ನೆರಳಿನ ಛಾವಣಿ ಕೂರಿಸಲು ಯಾರೋ ಡೆಕ್ಕಿನಲ್ಲಿ ತೂತು ಕೊರೆದು ಸ್ಕ್ರೂ ಹಾಕಿದ್ದರು. ಛಾವಣಿ ಹೋಗಿತ್ತು, ತೂತುಗಳು ಉಳಿದಿದ್ದವು. ಮಳೆನೀರು ವರ್ಷಾನುಗಟ್ಟಲೆ ಅವುಗಳಿಂದ ಇಳಿದು ಮರವನ್ನು ಕೊಳೆಸಿತ್ತು. ಗ್ರೈಂಡರಿನಿಂದ ಮೇಲಿನ ಪದರವನ್ನು ಕೊಯ್ದು ಎತ್ತಿದಾಗ ಒಳಗಿದ್ದದ್ದು ಪ್ಲೈವುಡ್ ಅಲ್ಲ, ಸೋಸಿ ಬಿಸಾಡಿದ ಚಹಾಪುಡಿಯಂಥ ಕಪ್ಪು ಹಿಟ್ಟು. ನಾತಕ್ಕೆ ವೀರಣ್ಣನವರು ಮೂಗಿಗೆ ಕರವಸ್ತ್ರ ಹಿಡಿದರು. ಭೀಮಶಾ ಮಾತ್ರ ಬಗ್ಗಿ ಒಂದು ಹಿಡಿ ತೆಗೆದು ಹಿಂಡಿದ. ಬೆರಳ ಸಂದಿಯಿಂದ ನೀರು ಸೋರಿತು.

"ಇದರ ಮ್ಯಾಲ ನಾ ಮಂದೀನ ಕೂಡಿಸೀನಲ್ರೀ," ಎಂದ.

ಶುರುವಿನಲ್ಲೇ ನಾನು ಅವನಿಗೂ ಮಾಲಕರಿಗೂ ಒಂದು ಮಾತು ಹೇಳಿದೆ. ಡೆಕ್ಕಿನ ಕೆಳಗೆ ದೋಣಿಯ ತಳಕ್ಕೆ ಅಂಟಿಕೊಂಡು ಉದ್ದುದ್ದ ತೊಲೆಗಳಿರುತ್ತವೆ, ಅವುಗಳ ಒಳಗೂ ಮರವೇ ಇದೆ. ಅಂಚಿನವು ಗಟ್ಟಿಯಾಗಿವೆ. ನಡುವಿನವುಗಳ ಸುತ್ತ ಫೋಮ್ ತುಂಬಿದ್ದಾರೆ, ಅದನ್ನು ಕಿತ್ತರೆ ತಳವೇ ಹರಿಯುತ್ತದೆ. ಅವುಗಳ ಗತಿ ಏನೆಂದು ನೀರಿನಲ್ಲಿ ಭಾರ ಹೇರಿ ನೋಡಿದ ಮೇಲೆಯೇ ತಿಳಿಯುವುದು. ಅದಕ್ಕೂ ಮೊದಲು ಒಬ್ಬರನ್ನೂ ಹತ್ತಿಸಬಾರದು. ಭೀಮಶಾ ತಲೆಯಾಡಿಸಿದ. ಆದರೆ ಅವನ ಕಣ್ಣು ಹೊಸ ಪ್ಲೈವುಡ್ ಮೇಲಿತ್ತು.

ಮೇ ತಿಂಗಳೆಲ್ಲ ಅದೇ ಕೆಲಸವಾಯಿತು. ಕೊಳೆತದ್ದನ್ನೆಲ್ಲ ಉಳಿಯಿಂದ ಕೆರೆದು ತೆಗೆದೆವು. ಕೆಳಪದರವನ್ನು ಬಿಸಿಲಿಗೆ ಒಣಗಿಸಿದೆವು. ಹೈದರಾಬಾದಿನಿಂದ ನೀರು ತಡೆಯುವ ಮರೈನ್ ಪ್ಲೈವುಡ್ ತರಿಸಿ, ಕೊಯ್ದ ಅಂಚುಗಳಿಗೆಲ್ಲ ರೆಸಿನ್ ಕುಡಿಸಿ, ಕೂರಿಸಿ, ಮೇಲೆ ಸಿಮೆಂಟಿನ ಚೀಲ ಹೇರಿದೆವು. ರೆಸಿನ್ ಎಂದರೆ ಹಾರ್ಡನರ್ ಬೆರೆಸಿದಾಗ ಗಟ್ಟಿಯಾಗುವ ಅಂಟು ದ್ರವ. ನಮ್ಮ ಊರಿನ ಮೇ ತಿಂಗಳಲ್ಲಿ ಅದು ಹರಡುವ ಮೊದಲೇ ಬಕೆಟ್ಟಿನಲ್ಲಿ ಕಲ್ಲಾಗುತ್ತದೆ. ಹಾಗಾಗಿ ನಸುಕಿನಲ್ಲಿ ಬಂದು ಸ್ವಲ್ಪ ಸ್ವಲ್ಪವೇ ಕಲಸಿ, ಗಾಜಿನ ನಾರಿನ ಹಾಸನ್ನು ಪದರ ಪದರವಾಗಿ ಅಂಟಿಸುತ್ತಿದ್ದೆವು. ನಾರಿನ ಧೂಳಿಗೆ ಮೈಯೆಲ್ಲ ತುರಿಕೆ. ಭೀಮಶಾ ಊರಿಗೆ ಹೋಗದೆ ನಮ್ಮ ಶೆಡ್ಡಿನಲ್ಲೇ ಉಳಿದ. ರೋಲರ್ ಒತ್ತುವುದನ್ನು ಕಲಿತ. ಕೊನೆಯ ಬಣ್ಣವನ್ನು ಅವನೇ ಬಳಿದ.

ಮಳೆ ಹಿಡಿಯುವ ಮೊದಲು ದೋಣಿಯನ್ನು ಕಮಲಾಪುರದ ಕಡೆಯ ದಂಡೆಗೆ ಒಯ್ದೆವು. ಊರಿನ ಅರ್ಧದಷ್ಟು ಜನ ಗುಡ್ಡ ಬಳಸಿ ಬಂದು ಆಗಲೇ ಕೂತಿದ್ದರು. ಕಾಶಮ್ಮ ಕೆಂಪು ಬಾಳೆಯ ಬುಟ್ಟಿಯನ್ನು ಕೆಳಗಿಟ್ಟು, ಡೆಕ್ಕಿನ ಮೇಲೆ ಅಂಗೈ ಆಡಿಸಿದಳು.

"ಯವ್ವಾ, ಮದಿವಿ ಮನಿ ನೆಲ ಸಾರಿಸಿದಂಗ ಮಾಡೀರಲ್ಲ! ಹತ್ಲೇನು?"

"ತಡೀರಿ ಆಯಿ. ಮೊದಲು ಉಸುಕಿನ ಚೀಲ ಹತ್ತಲಿ."

ದಂಡೆಯ ಹತ್ತಿರ ಸೊಂಟದುದ್ದ ನೀರಿನಲ್ಲಿ ದೋಣಿಯನ್ನು ಕಟ್ಟಿ ಚೀಲಗಳನ್ನು ಒಂದೊಂದಾಗಿ ಹೇರಿದೆವು. ಡೆಕ್ಕು ಅಲ್ಲಾಡಲಿಲ್ಲ. ಜನ ನಗತೊಡಗಿದರು. ಒಬ್ಬ ನನ್ನ ಕಡೆ ನೋಡಿ ಕೈಮುಗಿದ. ಭೀಮಶಾ ಸಾಮಾನ್ಯವಾಗಿ ಕೂರಿಸುವ ಮಂದಿಯ ಅರ್ಧದಷ್ಟು ಭಾರ ಬಿದ್ದಿರಬೇಕು, ಆಗ ಒಳಗಿನಿಂದ ಒಣಗಿದ ಜೋಳದ ದಂಟು ಮುರಿದಂಥ ಸದ್ದು ಬಂತು. ಮತ್ತೆ ಇನ್ನೊಂದು. ಡೆಕ್ಕು ಪಕ್ಕದ ಗೋಡೆಗೆ ಸೇರುವ ಕಡೆ ಕೂದಲೆಳೆಯಂಥ ಗೆರೆ ಮೂಡಿ ನಮ್ಮ ಕಣ್ಣ ಮುಂದೆಯೇ ಹಿಂದಿನಿಂದ ಮುಂದಕ್ಕೆ ಓಡಿತು. ತಳ ನಡುವಿನಲ್ಲಿ ಬಾಗಿತು. ಕೆಳಗಿನ ತೊಲೆಗಳು ಹೋಗಿದ್ದವು. ಆ ಅಂಚು ಬಿಟ್ಟರೆ ನಾವು ಹಾಕಿದ ಡೆಕ್ಕಿನಲ್ಲಿ ಒಂದು ಬಿರುಕೂ ಇರಲಿಲ್ಲ.

ಚೀಲಗಳನ್ನು ಇಳಿಸಿ ದೋಣಿಯನ್ನು ದಂಡೆಗೆ ಎಳೆದೆವು. ವೀರಣ್ಣನವರು ನನ್ನನ್ನು ಪಕ್ಕಕ್ಕೆ ಕರೆದರು. "ಶಕುಂತಲಾ, ಹೊರಗಿಂದ ಎರಡು ಪಟ್ಟಿ ಹೊಡದು ಪೇಂಟ್ ಮಾಡಿ ಕೊಟ್ಟುಬಿಡು. ಇಷ್ಟು ಮಂದಿ ನೋಡ್ಲಕತ್ತಾರ."

"ಪಟ್ಟಿ ನಿಲ್ಲಂಗಿಲ್ರೀ. ಇದು ಮುಗದದ."

ಜನ ಸುತ್ತುವರಿದರು. ಅರ್ಧ ಮಂದಿ ಕೂರಿಸಿದರಾಯಿತು ಎಂದರು. ಗಾಳಿ ಇಲ್ಲದಾಗ ಬಿಟ್ಟರಾಯಿತು ಎಂದರು. ನಾನು ಎಲ್ಲದಕ್ಕೂ ಬೇಡವೆಂದೆ. ಒಬ್ಬನಿಗೆ ಸಿಟ್ಟು ಬಂತು. "ಹಂಗಾದ್ರ ನಾವೇನು ಹಾರಿ ಹೋಗಬೇಕೇನ್ರಿ?"

ಭೀಮಶಾ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ. "ಖರೇ ಹೇಳ್ರಿ ಮೇಡಂ. ಇದೊಂದು ಮಳಿಗಾಲ?"

"ಒಂದು ಸಲಾನೂ ಬ್ಯಾಡ ಭೀಮಶಾ. ನಡುನೀರಾಗ ಎರಡು ತುಂಡು ಆಗ್ತದ."

ಅವನು ದೋಣಿಯನ್ನು ನೋಡಿದ. ಆಮೇಲೆ ನಮ್ಮ ಸಾಮಾನಿನ ಪೆಟ್ಟಿಗೆಯ ಕಡೆ ನೋಡಿದ.

"ಹಂಗಾದ್ರ ಕೊಯ್ದು ಬಿಡ್ರಿ. ಇದು ದಂಡಿ ಮ್ಯಾಲ ಇದ್ರ ಮಂದಿ ಕೇಳ್ತಾರ. ನಾಳಿ ಹೆರಿಗಿ ಬ್ಯಾನಿ ತಿಂಬ ಹೆಣ್ಮಗಳ್ನ ತಂದು ಮುಂದ ಕೂಡಸ್ತಾರ. ಆಗ ನನ್ನ ಬಾಯಾಗ ಇಲ್ಲ ಅಂಬೋದು ಬರಂಗಿಲ್ರೀ."

ವೀರಣ್ಣನವರು ಹೋಗಿ ಜೀಪಿನಲ್ಲಿ ಕೂತರು. ನಾನು ಗರಗಸ ತೆಗೆದೆ. ಬೇರೆ ಯಾರಿಗಾದರೂ ಕೊಡಬಹುದಿತ್ತು, ಕೊಡಲು ಮನಸ್ಸಾಗಲಿಲ್ಲ. ಮೊದಲು ಕೊಯ್ಯಬೇಕಾದದ್ದು ಹೊಸ ಡೆಕ್ಕನ್ನೇ. ಗರಗಸ ಇಳಿಯುತ್ತಿದ್ದಂತೆ ಒಳಗಿನಿಂದ ಒಣಮರದ ಹಸನಾದ ವಾಸನೆ ಬಂತು. ಭೀಮಶಾ ದೋಣಿ ಅದುರದಂತೆ ಅಂಚನ್ನು ಎರಡೂ ಕೈಯಿಂದ ಅದುಮಿ ಹಿಡಿದಿದ್ದ. ಅವನ ಕಣ್ಣಿನಿಂದ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಜನರಲ್ಲಿ ಕೆಲವರು ಬೈದರು. ಕಾಶಮ್ಮ ಬುಟ್ಟಿ ತಲೆಗೇರಿಸಿಕೊಂಡು ಗುಡ್ಡದ ಹಾದಿ ಹಿಡಿದಳು. ಹಿಂದಿರುಗಿ ನೋಡಲಿಲ್ಲ.

ಹೊಸ ದೋಣಿಗಾಗಿ ನಾನೂ ಕಚೇರಿಗಳಿಗೆ ಅಲೆದೆ. ನೋಡೋಣ ಎಂದರು. ಆ ಮಳೆಗಾಲ ಊರಿನವರು ಡ್ರಮ್ಮುಗಳನ್ನು ಕಟ್ಟಿ ತೆಪ್ಪ ಮಾಡಿದರು, ಅದು ಗಾಳಿಗೆ ನಿಲ್ಲಲಿಲ್ಲ. ಹೈಸ್ಕೂಲಿನ ಹುಡುಗಿಯರು ಶಾಲೆ ಬಿಟ್ಟರು. ಬರುಬರುತ್ತ ಮನೆಗಳು ಖಾಲಿಯಾದವು. ಒಬ್ಬರು ಕಮಲಾಪುರಕ್ಕೆ, ಒಬ್ಬರು ಕಲಬುರಗಿಗೆ ಬಂದರು.

ಮುಂದೆ ಕೆಲವು ವರ್ಷಗಳಾದ ಮೇಲೆ ನನ್ನ ತಾಯಿಯನ್ನು ಸೇಡಂ ರಸ್ತೆಯ ಆಸ್ಪತ್ರೆಗೆ ಸೇರಿಸಿದಾಗ, ಖಾಕಿ ಅಂಗಿ ತೊಟ್ಟು ಗೇಟು ತೆರೆದವನು ಭೀಮಶಾ. ಗುರುತು ಹಿಡಿದು ತಾಯಿಯ ಆರೋಗ್ಯ ವಿಚಾರಿಸಿದ. ಊರು ಹೇಗಿದೆ ಎಂದು ಕೇಳಿದೆ.

"ಊರಾಗ ಯಾರು ಅದಾರ್ರೀ ಈಗ," ಎಂದ. "ಮುಳುಗಿ ಮಾತ್ರ ಯಾರೂ ಸಾಯಲಿಲ್ರೀ ಮೇಡಂ." ಹಿಂದೆ ಆಟೊ ಹಾರ್ನ್ ಹೊಡೆಯಿತು. ಅವನು ಗೇಟಿನ ಕಡೆ ಹೋದ.

ನಿವೃತ್ತಿಯವರೆಗೂ ಎಷ್ಟೋ ಟ್ಯಾಂಕು, ಛಾವಣಿ, ವಾಹನಗಳ ಬಾಡಿಗಳನ್ನು ನೋಡಿ ಇದು ಆಗುತ್ತದೆ, ಇದು ಆಗುವುದಿಲ್ಲ ಎಂದು ಹೇಳಿದ್ದೇನೆ. ಒಂದು ವಸ್ತು ಬಳಕೆಗೆ ತಕ್ಕುದಲ್ಲ ಎಂದು ಕಂಡುಹಿಡಿಯುವುದನ್ನು ನನ್ನ ತರಬೇತಿ ಕಲಿಸಿತ್ತು. ಅದನ್ನೇ ನಂಬಿಕೊಂಡವರು ಆಮೇಲೆ ಏನು ಮಾಡಬೇಕು ಎಂಬುದನ್ನು ಯಾರೂ ಕಲಿಸಲಿಲ್ಲ, ನನಗೆ ಇಂದಿಗೂ ಗೊತ್ತಿಲ್ಲ. ಕಮಲಾಪುರದ ದಂಡೆಯಲ್ಲಿ ಕಲಿತದ್ದು ಇಷ್ಟೇ: ಆಗುವುದಿಲ್ಲ ಎಂಬ ಮಾತನ್ನು ಫೋನಿನಲ್ಲಿ ಹೇಳಬಾರದು, ಬೇರೆಯವರ ಬಾಯಿಂದ ಹೇಳಿಸಬಾರದು. ಆ ಜನ ಇರುವಲ್ಲಿಗೇ ಹೋಗಿ, ಅವರ ಮುಂದೆ ನಿಂತು ಹೇಳಬೇಕು. ಅವರು ಎದ್ದು ಹೋಗುವವರೆಗೂ ಅಲ್ಲೇ ನಿಂತಿರಬೇಕು. ಇದರಿಂದ ಯಾರಿಗೂ ಏನೂ ಉಪಯೋಗವಾದದ್ದನ್ನು ನಾನು ಕಂಡಿಲ್ಲ. ಆದರೂ ಹಾಗೆಯೇ ಮಾಡುತ್ತ ಬಂದೆ.