ಹೊಟ್ಟೆಗೆ ಪೆಟ್ಟಾದವರಿಗೆ ನೀರಿಲ್ಲ

ನೀರಿನಂತೆ ದುಡ್ಡು ಖರ್ಚು ಮಾಡುವುದು ಎಂಬ ಮಾತು ವಿಜಾಪುರದ ಕಡೆ ಹುಟ್ಟಿರಲಿಕ್ಕಿಲ್ಲ. ನಮ್ಮ ಬೇಸಿಗೆಯಲ್ಲಿ ಕೈಗಡ ದುಡ್ಡು ಹುಟ್ಟೀತು, ಒಂದು ಕೊಡ ನೀರು ಹುಟ್ಟುತ್ತಿರಲಿಲ್ಲ. ಆದರೆ ಕುಡಿಯಲಿಕ್ಕೆ ಕೇಳಿದವರಿಗೆ ಮಾತ್ರ ಇಲ್ಲ ಅನ್ನುವ ಹಾಗಿರಲಿಲ್ಲ. ಮೊಹರಂ ಬಂದರೆ ನಮ್ಮಮ್ಮ ಓಣಿಯ ಬಾಯಿಗೆ ಮಣ್ಣಿನ ಹರವಿ ಇಟ್ಟುಕೊಂಡು ಕೂತು, ಹೋಗುವವರು ಬರುವವರು ಯಾವ ಜಾತಿಯವರೇ ಇರಲಿ, ಬೆಲ್ಲದ ನೀರು ಕುಡಿಸಿ ಕಳಿಸುತ್ತಿದ್ದಳು. ಕರ್ಬಲಾದ ಮರಳಿನಲ್ಲಿ ಬಾಯಾರಿ ಸತ್ತವರ ಹೆಸರಿನಲ್ಲಿ ಆ ನೀರು. "ವೈರಿ ಬಂದ್ರೂ ನೀರ ಇಲ್ಲ ಅನಬ್ಯಾಡೋ" ಎಂದು ಆಕೆ ವರ್ಷವೂ ಹೇಳುತ್ತಿದ್ದಳು, ಹಾಡಿದ್ದೇ ಹಾಡು ಕಿಸಬಾಯಿ ದಾಸನ ಹಾಗೆ. ನಾನು ಹೂಂ ಅನ್ನುತ್ತಿದ್ದೆ.

ಅಂಥ ಊರಿನ ಕಡೆ ಬೆಂಕಿ ಆರಿಸುವ ಕೆಲಸದಲ್ಲಿ ಮೂರು ವರ್ಷ ಇದ್ದೆ. ಠಾಣೆಗೆ ಒಂದೇ ಗಾಡಿ, ಗಾಡಿಗೆ ಒಂದೇ ಟಾಕಿ. ಅದು ಖಾಲಿಯಾದರೆ ಮುಂದಿನ ನೀರಿಗೆ ಯಾರದಾದರೂ ಬಾವಿ ಹುಡುಕಬೇಕು, ಬಾವಿಯಲ್ಲಿ ನೀರಿರಬೇಕು. ಅದಕ್ಕೇ ಉರಿ ತಗ್ಗಿದ ಕೂಡಲೇ ನೀರು ಬಂದ್ ಮಾಡಿ, ಉಳಿದದ್ದನ್ನು ಮಣ್ಣು, ಉಸುಕು, ಬೇವಿನ ಟೊಂಗೆಗಳಿಂದ ಬಡಿದು ಆರಿಸುತ್ತಿದ್ದೆವು. ಅರ್ಧ ಟಾಕಿ ಉಳಿಸಿಕೊಂಡು ಬಂದವನಿಗೆ ಶಾಭಾಸ್ ಸಿಗುತ್ತಿತ್ತು. ಆ ಶಾಭಾಸುಗಳಲ್ಲಿ ಹೆಚ್ಚಿನವು ನನ್ನವೇ.

ಬೈಕುಲ್ಲಾದ ಒಂದು ವರ್ಕ್‌ಶಾಪಿನಲ್ಲಿದ್ದ ನಮ್ಮ ಅಕ್ಕನ ಗಂಡ, ಮುಂಬಯಿಯಲ್ಲಿ ಬೆಂಕಿಯವರಿಗೆ ಜನ ಬೇಕಂತೆ ಎಂದು ಕಾಗದ ಬರೆದ. ಹೋದೆ, ಓಡಿದೆ, ಹಗ್ಗ ಹತ್ತಿದೆ, ಆಯ್ಕೆಯೂ ಆದೆ. ಊರಿನ ನೌಕರಿಗೆ ರಾಜೀನಾಮೆ ಕೊಟ್ಟು ಬಂದ ಮೇಲೆ ಗೊತ್ತಾಯಿತು, ಇಲ್ಲಿ ಒಂದು ವರ್ಷ ನಡತೆ, ಕೆಲಸ ಎಲ್ಲ ನೋಡಿ ಆಮೇಲೆ ಕಾಯಂ ಮಾಡುತ್ತಾರೆ. ಸರಿಬರದಿದ್ದರೆ ಗಂಟು ಕಟ್ಟುವುದೇ. ಮೂರು ವರ್ಷದ ಅನುಭವಸ್ಥ ಮತ್ತೆ ಒಂದನೇ ಇಯತ್ತೆಗೆ ಬಂದು ಕೂತಿದ್ದೆ. ಇದೆಲ್ಲದರ ನಡುವೆ ನಾನು ಬಿಟ್ಟು ಬಂದ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ಯಾವ ರಾಜ್ಯದವನು ಅಂತ ಕೇಳಿದರೆ ಕಾಗದದಲ್ಲಿದ್ದದ್ದು ಹೇಳುವುದೋ ಈಗಿನದು ಹೇಳುವುದೋ ತಿಳಿಯದೆ ತೊದಲುತ್ತಿದ್ದೆ.

ಮೊದಲ ದೊಡ್ಡ ಬೆಂಕಿ ಗ್ರಾಂಟ್ ರೋಡಿನ ಹಿಂದಿನ ಬಟ್ಟೆ ಗೋದಾಮಿನದು. ರಸ್ತೆಯ ಮೇಲಿನ ಕಬ್ಬಿಣದ ಮುಚ್ಚಳ ಎತ್ತಿ ಪೈಪು ಜೋಡಿಸಿದರೆ ಸಾಕು, ನೀರು ಬಂತೇ ಬಂತು. ತಳವಿಲ್ಲದ ನೀರು. ಪೈಪಿನ ಬಾಯಿ ನನ್ನ ಕೈಯಲ್ಲಿತ್ತು. ಉರಿ ತಗ್ಗಿತು, ನಾನು ತಿರುಗಿಸಿ ಬಂದ್ ಮಾಡಿದೆ. ಕೈ ಅದನ್ನು ತಾನಾಗಿಯೇ ಮಾಡಿತು ಅನ್ನಬೇಕು. ಐದು ನಿಮಿಷದಲ್ಲಿ ಬಟ್ಟೆಯ ಗಂಟುಗಳ ಒಳಗಿದ್ದ ಕಿಡಿ ಎದ್ದು, ಮೊದಲಿಗಿಂತ ಜೋರಾಗಿ ಹತ್ತಿಕೊಂಡಿತು.

"ಪಾಣೀ ಕೋಣೀ ಬಂದ್ ಕೇಲಂ?" ಎಂದು ನಮ್ಮ ಸಾಹೇಬರು ಗುಡುಗಿದರು. ನೀರು ಬಂದ್ ಮಾಡಿದವರು ಯಾರು ಅನ್ನುವಷ್ಟು ಮರಾಠಿ ನನಗೆ ಬರುತ್ತಿತ್ತು. ನಾನು ಎದೆ ಸೆಟೆಸಿಕೊಂಡು, "ಮೈನೇ, ಸಾಬ್. ಪಾನೀ ಬಚಾಯಾ" ಅಂದೆ. ಶಾಭಾಸ್ ಬರುತ್ತದೆ ಎಂದು ನಿಜವಾಗಿ ಕಾದಿದ್ದೆ ನಾನು, ಎಂಥ ಗೂಬೆ!

ಅವತ್ತಿನಿಂದ ನನ್ನ ಹೆಸರು ಕಂಜೂಸ್ ಎಂದಾಯಿತು. ಇನ್ನೊಮ್ಮೆ ಹೀಗಾದರೆ ಊರಿನ ಗಾಡಿ ಹತ್ತು ಎಂದರು ಸಾಹೇಬರು. ಆಮೇಲೆ ನಾನು, ಸಾಹೇಬರು ಸಾಕು ಅನ್ನುವ ತನಕ ನೀರು ಹೊಡೆದೆ, ಸಾಕು ಅಂದ ಮೇಲೂ ಹೊಡೆದೆ. ಮೆಟ್ಟಿಲ ಮೇಲಿಂದ ಇಳಿದು ಗಟಾರ ಸೇರುವ ನೀರು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಅದನ್ನು ಆರಿಸುವ ಗಾಡಿ ಯಾವ ಠಾಣೆಯಲ್ಲೂ ಇರಲಿಲ್ಲ.

ಇಷ್ಟು ಕಲಿಯುವ ಹೊತ್ತಿಗೆ ನನ್ನನ್ನು ಆಂಬುಲೆನ್ಸಿಗೆ ಹಾಕಿದರು. ಬೆಂಕಿಯವರೇ ಸರದಿಯ ಮೇಲೆ ಗಾಯಾಳುಗಳನ್ನೂ ಒಯ್ಯುತ್ತಿದ್ದ ಕಾಲ ಅದು. ಪಟ್ಟಿ ಕಟ್ಟುವುದು, ಮುರಿದ ಕಾಲಿಗೆ ಹಲಗೆ ಕೊಡುವುದು ಎಲ್ಲ ಹೇಳಿಕೊಟ್ಟ ಸಾಹೇಬರು ಒಂದು ಮಾತನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿದರು: ಹೊಟ್ಟೆಗೆ ಪೆಟ್ಟಾದವರಿಗೆ ನೀರಿಲ್ಲ. ಆಪರೇಷನ್ ಆಗಬೇಕಾದವನು ನೀರು ಕುಡಿದಿದ್ದರೆ ವಾಂತಿಯಾಗಿ ಉಸಿರು ಕಟ್ಟುತ್ತದೆ. ಎಷ್ಟು ಗೋಗರೆದರೂ ಒಂದು ಹನಿ ಕೊಡಬೇಡ. "ನೀನು ಕಂಜೂಸ್ ಇದ್ದೀಯ, ನಿನಗೆ ಇದು ಸುಲಭ" ಎಂದು ಜೊತೆಯವರು ನಕ್ಕರು. ನಾನೂ ನಕ್ಕೆ. ಆದರೆ ಗೋಡೆಗೆ ಸಾವಿರಾರು ಕೊಡ ಹೊಡಿ, ಮನುಷ್ಯನಿಗೆ ಹನಿ ಕೊಡಬೇಡ ಅನ್ನುವುದು ನನ್ನ ತಲೆಗೆ ಇಳಿಯಲು ತಯಾರಿರಲಿಲ್ಲ.

ವರ್ಷ ತುಂಬಲು ಇನ್ನೊಂದು ತಿಂಗಳಿತ್ತು. ಮಧ್ಯಾಹ್ನದ ಉರಿಬಿಸಿಲು. ಬೈಕುಲ್ಲಾದ ಮಾರ್ಕೆಟ್ಟಿನಾಚೆ ಕಟ್ಟುತ್ತಿದ್ದ ಬಿಲ್ಡಿಂಗಿನಲ್ಲಿ ಬಿದಿರಿನ ಅಟ್ಟಣಿಗೆಯಿಂದ ಒಬ್ಬ ಕೂಲಿ ಕಬ್ಬಿಣದ ಸರಳುಗಳ ರಾಶಿಯ ಮೇಲೆ ಬಿದ್ದಿದ್ದ. ನನ್ನ ವಯಸ್ಸಿನವನೇ. ರಕ್ತ ಹೊರಗೆ ಅಷ್ಟೇನೂ ಇರಲಿಲ್ಲ, ಆದರೆ ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಸ್ಟ್ರೆಚರಿನಲ್ಲಿ ಎತ್ತಿ ಹಾಕಿದೆವು. ಡ್ರೈವರು ಮುಂದೆ, ಹಿಂದೆ ನಾನು ಮತ್ತು ಅವನು. ತೆರೆದ ಬಾಗಿಲಿಗೆ ಅವನ ಜೊತೆಯ ಕೂಲಿಗಳು ಇನ್ನೂ ಮುತ್ತಿಕೊಂಡಿದ್ದರು.

"ಯವ್ವಾ" ಅಂದ. ನಮ್ಮ ಕಡೆಯ ಮಾತು.

"ಯಾವೂರ್ರಿ?" ಎಂದು ಕೇಳಿದೆ. ಕೇಳಬಾರದಿತ್ತು. ಕನ್ನಡ ಕೇಳಿದ್ದೇ ಅವನ ಕಣ್ಣು ಅಗಲವಾದವು, ನನ್ನ ಅಂಗಿಯ ತೋಳು ಹಿಡಿದುಕೊಂಡ. ಬಾಗಿಲು ಮುಚ್ಚಿತು, ಗಾಡಿ ಹೊರಟಿತು.

"ಅಣ್ಣಾ, ನೀರ ಕೊಡ್ರಿ."

"ದವಾಖಾನಿಗೆ ಬಂದೇ ಬಿಟ್ಟೀವಿ. ಅಲ್ಲೇ ಕೊಡ್ತಾರ" ಅಂದೆ. ಅಲ್ಲೂ ಕೊಡುವುದಿಲ್ಲ ಎಂದು ನನಗೆ ಗೊತ್ತಿತ್ತು.

ನೀರಿನ ಬಾಟಲಿ ನನ್ನ ಕಾಲ ಬಳಿಯೇ ಇತ್ತು. ಗಾಡಿ ಅಲುಗಿದಾಗೆಲ್ಲ ಒಳಗಿನ ನೀರು ಸದ್ದು ಮಾಡುತ್ತಿತ್ತು, ಅವನು ಆ ಕಡೆ ನೋಡುತ್ತಿದ್ದ. ಮತ್ತೆ ಕೇಳಿದ. ಬ್ಯಾಡ್ರಿ, ನಿಮಗ ಒಳ್ಳೇದಲ್ಲ ಅಂದೆ. ಮೂರನೇ ಸಲ ಕೇಳಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದ. ಅಮ್ಮನ ಹರವಿ ನೆನಪಾಯಿತು. ನೀರು ಕೊಡದವರ ಮೇಲೆ ವರ್ಷ ವರ್ಷ ಎದೆ ಬಡಿದುಕೊಂಡು ಅತ್ತ ಮನೆಯವನು ನಾನು, ಈಗ ಬಾಟಲಿಯನ್ನು ಬೂಟಿನಿಂದ ಬೆಂಚಿನ ಕೆಳಗೆ ಸರಿಸಿದೆ. ಕೊಟ್ಟರೆ ಅವನ ಜೀವಕ್ಕೆ ಕೇಡು, ನನ್ನ ನೌಕರಿಗೂ ಕೇಡು. ಕೊಡದಿದ್ದರೆ? ಅತ್ತ ದರಿ ಇತ್ತ ಪುಲಿ. ಜೀವಕ್ಕೆ ಹೆದರಿದೆನೋ ನೌಕರಿಗೆ ಹೆದರಿದೆನೋ, ಆಣೆ ಮಾಡಿ ಹೇಳು ಎಂದರೆ ಇವತ್ತಿಗೂ ಹೇಳಲಾರೆ.

ದವಾಖಾನೆಯಲ್ಲಿ ಒಪ್ಪಿಸಿ ಬಂದೆವು. ಮಾರನೆಯ ದಿನ ಬೇರೊಬ್ಬನನ್ನು ಒಯ್ದಾಗ ವಿಚಾರಿಸಿದೆ. ಆಪರೇಷನ್ ಮೇಜಿನ ಮೇಲೆಯೇ ತೀರಿಕೊಂಡನಂತೆ. ಹಿಂತಿರುಗುವ ದಾರಿಯಲ್ಲಿ ನನಗೆ ಹೊಳೆಯಿತು: ಒದ್ದೆ ಬಟ್ಟೆಯಿಂದ ತುಟಿ ಒರೆಸಬಹುದಿತ್ತು. ಅಷ್ಟಕ್ಕೆ ಯಾವ ನಿಯಮವೂ ಅಡ್ಡ ಬರುತ್ತಿರಲಿಲ್ಲ. ಒಂದು ಇಡೀ ದಿನ ತಡವಾಗಿ ಹೊಳೆಯಿತು.

ಹತ್ತು ಹನ್ನೆರಡು ದಿನ ಕಳೆದು ಒಂದು ಬೆಳಿಗ್ಗೆ ಠಾಣೆಯ ಬಾಗಿಲಿಗೆ ಒಬ್ಬ ಹೆಣ್ಣುಮಗಳು ಬಂದಳು. ಇಳಕಲ್ ಸೀರೆ, ಮೊಣಕೈತನಕ ಒಣಗಿದ ಸಿಮೆಂಟು. ಪವಾಯಿ ಕಡೆ ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊರುವವಳು. ಅಲ್ಲಿಂದ ಬಸ್ಸು, ಲೋಕಲ್ ರೈಲು ಬದಲಿಸಿ, ಕನ್ನಡ ಮಾತಾಡುವ ಆಂಬುಲೆನ್ಸಿನವನು ಯಾರು ಎಂದು ಕೇಳಿಕೊಂಡು ಬಂದಿದ್ದಳು. ಮಗನ ಜೊತೆ ದುಡಿಯುತ್ತಿದ್ದವರು, ನಾನು ಅವನ ಊರು ಕೇಳಿದ್ದನ್ನು ಕೇಳಿಸಿಕೊಂಡಿದ್ದರಂತೆ.

ನನ್ನ ಹೆಸರು ಕೇಳಲಿಲ್ಲ. ಬೆಂಚಿನ ಮೇಲೆ ಕೂರಲಿಲ್ಲ, ನೆಲಕ್ಕೇ ಕೂತಳು.

"ತಮ್ಮಾ, ನನ್ನ ಮಗನ್ನ ಗಾಡ್ಯಾಗ ಒಯ್ದಾವ ನೀನೇ ಏನಪಾ?"

"ಹೌದವ್ವಾ."

"ನೀರ ಕೇಳಿದ್ನೇನು?"

ನಮ್ಮ ಡ್ರೈವರು ಅಲ್ಲೇ ನಿಂತಿದ್ದ. ಕೊಂಕಣದ ಮರಾಠಿಯವನು, ಕನ್ನಡದ ಒಂದಕ್ಷರ ಬಾರದು. ಅವನ ಎದುರು ಏನು ಹೇಳಿದರೂ ನಡೆಯುತ್ತಿತ್ತು. ನೀರು ಕೊಡುವುದು ಯಾಕೆ ತಪ್ಪು ಎಂದು ಆಕೆಗೆ ತಿಳಿಸಿ ಹೇಳಬಹುದಿತ್ತು. ನನಗೇ ಪೂರ್ತಿ ಇಳಿಯದ ಮಾತನ್ನು ಆಕೆಗೆ ಹೇಗೆ ಇಳಿಸಲಿ?

"ಕೇಳಿದ್ನವ್ವಾ."

"ಕೊಟ್ಟೇನಪಾ?"

"ಕೊಟ್ಟೆ."

ಅಷ್ಟಕ್ಕೆ ಮುಗಿಯುತ್ತದೆ ಎಂದುಕೊಂಡೆ. "ಎಷ್ಟ ಕುಡದ?" ಅಂದಳು.

"ಒಂದ ಗ್ಲಾಸ."

"ಪೂರಾ?"

"ಪೂರಾ ಕುಡದ್ನವ್ವಾ."

ಆಕೆ ತಲೆ ಅಲ್ಲಾಡಿಸಿದಳು. "ಸಣ್ಣಾವಿದ್ದಾಗಿಂದ ಹಂಗ. ಒಂದ ದಮ್ಮಿಗೆ ಕುಡ್ಯಾಂವ" ಅಂದಳು. ಏನು ಕೇಳುತ್ತಿದ್ದಾಳೆ ಎಂದು ಡ್ರೈವರು ನನ್ನನ್ನು ಕೇಳಿದ. ಎಷ್ಟು ಗಂಟೆಗೆ ದವಾಖಾನೆ ಮುಟ್ಟಿಸಿದಿರಿ ಅಂತ ಕೇಳುತ್ತಿದ್ದಾಳೆ ಎಂದು ಹಿಂದಿಯಲ್ಲಿ ಹೇಳಿದೆ. ನಿಂತ ನಿಲುವಿನಲ್ಲೇ ಎರಡು ಭಾಷೆಯಲ್ಲಿ ಎರಡು ಸುಳ್ಳು. ಯಾವುದು ದೊಡ್ಡದು ಎಂದು ಆಗಲೂ ತಿಳಿಯಲಿಲ್ಲ. ಕಾಯಂ ಮಾಡಿದ ಕಾಗದ ಕೈಗೆ ಬಂದ ದಿನವೂ ತಿಳಿಯಲಿಲ್ಲ.

ಆಕೆ ಎದ್ದಳು. ಬಾಗಿಲ ತನಕ ಹೋಗಿ ತಿರುಗಿದಳು.

"ನನಗೂ ಇಷ್ಟ ನೀರ ಕೊಡಪಾ ತಮ್ಮಾ. ಬಿಸಲ ಭಾಳ ಐತಿ."

ಮೂಲೆಯ ಮಡಕೆಯಿಂದ ಒಂದು ಗ್ಲಾಸು ತುಂಬಿಸಿ ತಂದೆ. ಗ್ಲಾಸನ್ನು ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿದಳು.

"ಇದರಾಗೇ ಕೊಟ್ಟೇನು?"

ನಾನು ಹೂಂ ಅಂದೆ.

ಕತ್ತು ಮೇಲೆತ್ತಿ, ತುಟಿಗೆ ತಾಗಿಸದೆ, ಒಂದೇ ದಮ್ಮಿಗೆ ಕುಡಿದಳು. ಒಂದು ಹನಿ ಉಳಿಸಲಿಲ್ಲ. ಖಾಲಿ ಗ್ಲಾಸು ನನ್ನ ಕೈಗಿಟ್ಟು ಸ್ಟೇಷನ್ನಿನ ಕಡೆ ನಡೆದಳು. ಮುಂಬಯಿಗೆ ಬಂದು ಹತ್ತಿರ ಹತ್ತಿರ ಒಂದು ವರ್ಷ ನಾನು ನೀರು ಹೊಡೆದಿದ್ದೆ. ಕುಡಿಯಲಿಕ್ಕೆ ಕೇಳಿದವರ ಕೈಗೆ ಕೊಟ್ಟದ್ದು ಅದೇ ಮೊದಲು.