ಭಾನುವಾರದ ಬೀಗ

ನಮ್ಮೆಜಮಾನ್ರು ನಂದೀಶ್ವರಯ್ಯ ಅನುಮಾನದ ಪ್ರಾಣಿ. ಹಾಲಿಗೆ ನೀರು ಬೆರೆಸಿದ್ದಾನೆ ಅಂತ ಎಲ್ಲರೂ ಹಾಲಿನವನನ್ನ ಬಯ್ದರೆ, ಇವರು ನನ್ನ ಮುಖ ನೋಡೋರು. ಇಪ್ಪತ್ತೆರಡು ವರ್ಷದಿಂದ ಶಿರಾದಲ್ಲಿ ಜಮೀನಿನ ಪತ್ರ ಬರೆಯೋದು ಅವರ ಕಸುಬು. ಹಗಲೆಲ್ಲ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ, ಸಂಜೆ ಮನೇಲಿ ಕಂಪ್ಯೂಟರ್ ಮುಂದೆ. ಅಯ್ನೋರ ಪತ್ರದಲ್ಲಿ ಒಂದಕ್ಷರ ತಪ್ಪಿರಲ್ಲ ಅನ್ನೋ ಹೆಸರಿದೆ. ನಮ್ಮ ಒಲೆ ಉರಿಯೋದು ಆ ಹೆಸರಿನಿಂದಲೇ.

ಒಂಬತ್ತನೇ ಕ್ಲಾಸಿನ ಮಗಳು ಲೋಹಿತಾ ಆ ಕಂಪ್ಯೂಟರಲ್ಲಿ ಆಟ ಆಡ್ತಾಳೆ ಅಂತ ಗೊತ್ತಾಗಿದ್ದೇ ತಡ, ಬೀಗ ಬಿತ್ತು. ಅವಳಿಗೆ ಭಾನುವಾರ ಮಾತ್ರ, ಅವತ್ತು ಅದು ತಾರೀಕು ನೋಡಿ ತಾನಾಗೇ ತೆರೆಯೋದು. ಬೇರೆ ದಿನ ಇವರ ಪಾಸ್‌ವರ್ಡ್ ಇಲ್ಲದೆ ತೆರೆಯೋದೇ ಇಲ್ಲ. ಆದರೂ ಸಂಜೆ ಬಂದು ಮುಟ್ಟಿ ನೋಡಿದರೆ ಕಂಪ್ಯೂಟರ್ ಬೆಚ್ಚಗಿರೋದು.

"ನೀನೇ ಪಾಸ್‌ವರ್ಡ್ ಹೇಳ್ಕೊಟ್ಟಿದ್ದೀಯ," ಅಂದರು ನನಗೆ.

"ನಂಗೇ ಗೊತ್ತಿಲ್ದಿರೋದನ್ನ ಹೆಂಗೆ ಹೇಳ್ಕೊಡ್ಲಿ? ತಲೆ ಕೆಟ್ಟೈತಾ ನಿಮಗೆ?" ಅಂದೆ.

ಮೂರು ಸಲ ಪಾಸ್‌ವರ್ಡ್ ಬದಲಾಯಿಸಿದರು. ಕೀಬೋರ್ಡ್ ಮೇಲೆ ತೆಳ್ಳಗೆ ವಿಭೂತಿ ಉದುರಿಸಿ ಹೋಗೋರು. ಬಂದು ನೋಡಿದರೆ ವಿಭೂತಿ ಹಂಗೇ ಇರೋದು. ಹುಡುಗಿ ಆಟ ಮುಗಿಸಿ ತಾನೂ ಒಂದು ಚಿಟಿಕೆ ಉದುರಿಸ್ತಿದ್ಲು ಅಂತ ಆಮೇಲೆ ಗೊತ್ತಾಯ್ತು. "ನಾನು ಮುಟ್ಟಿಲ್ಲ ಅಪ್ಪಾಜಿ" ಅಂದರೆ "ಬರೀ ಸುಳ್ಳು" ಅನ್ನೋರು. ಅದು ಸುಳ್ಳೇ, ಒಪ್ಪಿದೆ. ಆದರೆ ನಾಳೆ ಸ್ಕೂಲಿಗೆ ರಜೆ ಅಂತ ನಿಜ ಹೇಳಿದರೂ ಮೇಷ್ಟ್ರಿಗೆ ಫೋನ್ ಮಾಡಿ ಕೇಳೋರು. ನನಗೆ ಮೈಯೆಲ್ಲ ಉರಿಯೋದು.

ಹೋದ ಶುಕ್ರವಾರ ಬೆಳಿಗ್ಗೆ ಮದಲೂರಿನ ಚಿಕ್ಕನರಸಯ್ಯ ತಾವು ಕೊಳ್ಳೋ ಜಮೀನಿನ ಕರಾರು ಪತ್ರ ಹಿಡ್ಕೊಂಡು ಮನೆಗೇ ಬಂದರು.

"ಅಯ್ನೋರೆ, ನಾನು ಬಾಂಡ್ ಪೇಪರ್ ತಂದ್ಕೊಟ್ಟಿದ್ದು ಬುಧವಾರ. ಪತ್ರದಾಗೆ ಹಿಂದಿನ ಭಾನುವಾರದ ತಾರೀಕು ಐತೆ. ಪೇಪರ್ ಕೊಳ್ಳೋಕೆ ಮುಂಚಿನ ತಾರೀಕಿದ್ರೆ ನಾಳೆ ಕೋರ್ಟಲ್ಲಿ ಈ ಕರಾರು ನಿಲ್ಲಲ್ಲ. ಮಾರೋನ ಜೊತೆ ಸೇರ್ಕೊಂಡ್ಬುಟ್ರಾ?"

ಇವರು ಪತ್ರ ಇಸ್ಕೊಂಡು ತಾರೀಕು ನೋಡಿದರು. "ತಾರೀಕು ಕಂಪ್ಯೂಟರೇ ಹಾಕ್ಕೊಳ್ಳೋದು," ಅಂದರು.

"ನಾನಲ್ದೆ ಯಾರೂ ಅದಕ್ಕೆ ಕೈ ಹಾಕಂಗಿಲ್ಲ ಅಂತ ಜಂಬ ಕೊಚ್ಕೊಂಡೋರು ನೀವೇ ತಾನೆ? ಇವತ್ತು ಆಫೀಸಿನ ಮುಂದೆ ನಿಂತ್ಕೊಂಡು ಎಲ್ರಿಗೂ ಹೇಳ್ತೀನಿ."

ಲೋಹಿತಾ ಅಡಿಗೆಮನೆಯಿಂದ ಬಂದಳು.

"ನಾನೇ ಅಪ್ಪಾಜಿ. ಆನ್ ಮಾಡುವಾಗ ಒಂದು ಕೀ ಒತ್ತಿದ್ರೆ ತಾರೀಕು ಬದಲಾಯಿಸೋ ಪುಟ ಬರುತ್ತೆ. ಅದಕ್ಕೆ ನೀವು ಪಾಸ್‌ವರ್ಡ್ ಹಾಕಿಲ್ಲ. ದಿನಾ ಭಾನುವಾರ ಮಾಡ್ಕೊಂಡು ಆಡ್ತಿದ್ದೆ. ಬುಧವಾರ ವಾಪಸ್ ಸರಿ ಮಾಡೋದು ಮರೆತೋಯ್ತು."

ಚಿಕ್ಕನರಸಯ್ಯ ಅವಳನ್ನೊಮ್ಮೆ, ಇವರನ್ನೊಮ್ಮೆ ನೋಡಿದರು. "ಚೆನ್ನಾಗಿ ಹೇಳ್ಕೊಟ್ಟು ನಿಲ್ಸಿದ್ದೀರ ಬುಡಿ. ಮಗೀನ ಬಾಯಲ್ಲಿ ಸುಳ್ಳು ಹೇಳಿಸ್ತೀರಲ್ಲ, ಅಯ್ನೋರೆ."

ಇವರು ಎದ್ದು ನಿಂತರು. "ನನ್ನನ್ನ ಏನು ಬೇಕಾದ್ರೂ ಅನ್ನಿ. ನನ್ನ ಮಗಳು ಸುಳ್ಳು ಹೇಳಲ್ಲ."

ಹದಿನಾಲ್ಕು ವರ್ಷಕ್ಕೆ ಆ ಹುಡುಗಿ ಆ ಮಾತು ಕೇಳಿದ್ದು ಅದೇ ಮೊದಲು. ಅಪ್ಪನ ಮುಖವನ್ನೇ ನೋಡ್ತಾ ನಿಂತುಬಿಟ್ಟಳು. ನನಗೆ ಅಳು ತಡೆಯೋಕಾಗಲಿಲ್ಲ.

ಇವರು ತಮ್ಮ ಕುರ್ಚಿ ಎಳೆದು ಕೊಟ್ಟರು. "ಕೂತ್ಕೊಂಡು ಇವರಿಗೆ ಮಾಡಿ ತೋರಿಸಮ್ಮ," ಅಂದರು. ಚಿಕ್ಕನರಸಯ್ಯ ಕನ್ನಡಕ ಹಾಕ್ಕೊಂಡು ಅವಳ ಪಕ್ಕಕ್ಕೆ ಬಂದು ನಿಂತರು, ಇನ್ನೂ ನಂಬಿರಲಿಲ್ಲ.