ಅಂಗಳದಿಂದ ಆಡಿದ ಹುಲಿ–ಕುರಿ

ನಮ್ಮೂರಿಗೆ ಕೇಬಲ್ ಟಿ.ವಿ. ಇನ್ನೂ ಬಂದಿರದ ಕಾಲ. ಬೇಸಿಗೆ ರಜೆ ಬಂತೆಂದರೆ ಹುಡುಗರೆಲ್ಲ ಹುಲಿ–ಕುರಿ ಆಟಕ್ಕೆ ಬೀಳುತ್ತಿದ್ದೆವು. ಮೂರು ದೊಡ್ಡ ಕಲ್ಲು ಹುಲಿ, ಹದಿನೈದು ಸಣ್ಣ ಕಲ್ಲು ಕುರಿ. ಹುಲಿ ಹಾರಿ ತಿನ್ನಬೇಕು, ಕುರಿಗಳು ಅದು ಅಲುಗದಂತೆ ಸುತ್ತುಗಟ್ಟಬೇಕು. ನಮ್ಮ ಕೇರಿಯಲ್ಲಿ ಮಣ್ಣಿನ ಮೇಲೆ ಗೆರೆ ಎಳೆದರೆ ಕೋಳಿ ಬಂದು ಕೆದರುತ್ತಿತ್ತು. ಒಳ್ಳೆಯ ಪಟ ಇದ್ದದ್ದು ದೊಡ್ಡಮನೆಯವರ ಜಗಲಿಯಲ್ಲಿ, ಕಲ್ಲುಚಪ್ಪಡಿಯಲ್ಲೇ ಕೊರೆದದ್ದು.

ಅವರ ಅಟ್ಟದ ತುಂಬ ಕೊಬ್ಬರಿ. ಅದರ ಸಿಹಿ ಕಮಟು ವಾಸನೆ ಅಂಗಳದವರೆಗೂ ಬರುತ್ತಿತ್ತು. ಅವರ ಮಗ ರುದ್ರೇಶ ನನಗಿಂತ ಒಂದೇ ವರ್ಷ ದೊಡ್ಡವನು. ನಾನು ಕರೆಯುತ್ತಿದ್ದುದು ರುದ್ರೇಶಪ್ಪ ಎಂದು. ಅವನು ಜಗಲಿಯ ಮೇಲೆ ಕೂರುತ್ತಿದ್ದ, ನಾನು ಕೆಳಗೆ ಅಂಗಳದಲ್ಲಿ ನಿಲ್ಲುತ್ತಿದ್ದೆ. ನಾನು ಬಾಯಲ್ಲಿ ಹೇಳಬೇಕು, ನನ್ನ ಕುರಿಯನ್ನೂ ಅವನೇ ನಡೆಸಬೇಕು. ಹೇಳಲು ಸುಲಭವಾಗಲೆಂದು ಗೆರೆ ಕೂಡುವ ಜಾಗಕ್ಕೆಲ್ಲ ಊರುಗಳ ಹೆಸರಿಟ್ಟಿದ್ದೆ. ತುದಿಗೆ ಮಾಲೇಕಲ್ಲು, ಕೆಳಗೆ ಗೆಂಡೆಹಳ್ಳಿ, ಬಾಣಾವರ, ಹಳೇಬೀಡು.

“ಬಾಣಾವರದ್ ಕುರಿ ಗೆಂಡೆಹಳ್ಳಿಗೆ ಬಿಡಿ ರುದ್ರೇಶಪ್ಪ.”

“ಏ, ಅಲ್ ಬಿಟ್ರೆ ನನ್ ಹುಲಿ ತಿಂತೈತೆ ಕಣ್ಲಾ.”

“ತಿನ್ಲಿ ಬಿಡಿ. ಆಮ್ಯಾಕೆ ಮಾಲೇಕಲ್ಲಿಂದ ಅದು ಹೆಂಗಿಳೀತದೋ ನೋಡಾನ.”

ತಿಂದು ಮಾಲೇಕಲ್ಲು ಹತ್ತಿದ ಹುಲಿ ಅಲ್ಲೇ ಸಿಕ್ಕಿಬಿತ್ತು. “ಥೂ, ನಿನ್ ತಲೇಲಿ ಏನೈತ್ಲಾ!” ಎಂದು ಅವನು ಕಲ್ಲೆಲ್ಲ ಚೆಲ್ಲಿದ.

ಗೆದ್ದ ದಿನ ಅವರಮ್ಮ ಕೊಬ್ಬರಿ ಬೆಲ್ಲ ಕೊಡುತ್ತಿದ್ದರು, ಎತ್ತರದಿಂದ ಅಂಗೈಗೆ ಬೀಳುವಂತೆ. ನನಗೆ ಎಲ್ಲವೂ ಸನ್ಮಾನದಂತೆ ಕಾಣುತ್ತಿತ್ತು. ಮನೆಗೆ ಬಂದು ಅವ್ವನ ಮುಂದೆ ಕುಣಿದೆ: “ಅವ್ವಾ, ನಾನು ಬರೀ ಹೇಳದು. ದೊಡ್ಡಮನೆಯವ್ರೇ ನನ್ ಕುರಿ ನಡೆಸ್ತಾರೆ, ಆಳಿನಂಗೆ!”

ಅವ್ವ ಮುದ್ದೆ ಕಟ್ಟುತ್ತಿದ್ದಳು. “ಜೋರಾಗ್ ಹೇಳ್ಬ್ಯಾಡ. ಉಣ್ಣು,” ಅಂದಳು. ಯಾರಾದರೂ ಕೇಳಿಸಿಕೊಂಡಾರೆಂದು ಹೆದರಿದಳು ಅಂದುಕೊಂಡೆ.

ಆ ರಜೆ ಮುಗಿದ ಮೇಲೆ ಅರಸೀಕೆರೆಯ ಹಾಸ್ಟೆಲಿಗೆ ಸೇರಿದೆ. ಅಲ್ಲಿ ಹುಡುಗರು ಸೀಮೆಸುಣ್ಣದಲ್ಲಿ ನೆಲದ ಮೇಲೆ ಪಟ ಬರೆದು ಆಡುತ್ತಿದ್ದರು. ನಾನು ಜಂಬದಿಂದ ನಿಂತೇ ಇದ್ದೆ.

“ನಾನು ಕಲ್ಲು ಮುಟ್ಟಾಕಿಲ್ಲ ಕಣ್ರೋ. ನಮ್ಮೂರಲ್ಲಿ ದೊಡ್ಡಮನೆ ಹುಡುಗನೇ ನನ್ ಕುರಿ ನಡೆಸ್ತಿದ್ದ.”

ಹತ್ತನೇ ತರಗತಿಯ ನಿಂಗರಾಜಣ್ಣ ತಲೆ ಎತ್ತಿದ. ಅವನೂ ನಮ್ಮವನೇ. “ನೀನೆಲ್ಲಿರ್ತಿದ್ದೆ?”

“ಅಂಗಳದಲ್ಲಿ.”

“ಒಂದಿನಾನಾದ್ರೂ ಜಗಲಿ ಹತ್ತಿದ್ದೇನ್ಲಾ?”

ಸುತ್ತ ಕೂತಿದ್ದವರಲ್ಲಿ ಹೆಚ್ಚಿನವರು ನಮ್ಮಂಥ ಕೇರಿಗಳಿಂದಲೇ ಬಂದವರು; ಅವರೆಲ್ಲ ನೆಲ ನೋಡುತ್ತಿದ್ದರು. ನಿಂಗರಾಜಣ್ಣ ಸರಿದು ಜಾಗ ಬಿಟ್ಟ. “ಬಾ, ಕೂತ್ಕೊ. ನಿನ್ ಕುರಿ ನೀನೇ ಇಡು.”

ಕೂತೆ. ಆ ಆಟ ಸೋತೆ.

ಅಂಗಳದಲ್ಲಿ ನಿಲ್ಲಿಸಿದ್ದು ಅವರ ತಪ್ಪು. ಅದನ್ನು ಹೇಗೋ ಅರಗಿಸಿಕೊಂಡೆ. ಅದನ್ನೇ ದೊಡ್ಡಸ್ತಿಕೆ ಎಂದು ಅವ್ವನಿಗೆ ಹೇಳಿಕೊಂಡದ್ದು ನೆನೆದರೆ ಇವತ್ತಿಗೂ ಮೈ ಕುಗ್ಗುತ್ತದೆ. ಅವಳಿಗೆ ಗೊತ್ತಿತ್ತು.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಆ ಹೆಮ್ಮೆಯನ್ನು ಯಾರ ಮುಂದೆಯೂ ಮುಚ್ಚಿಟ್ಟವನಲ್ಲ. ಮೊನ್ನೆ ಮಗಳು ಡಬ್ಬಿಯಲ್ಲಿ ಬರುವ ಯುದ್ಧದ ಆಟ ತಂದು ಹರಡಿದಳು. ಭೂಪಟ, ಪುಟ್ಟ ಪುಟ್ಟ ಸೈನಿಕರು. “ಅಪ್ಪಾ, ಚಿಕ್ಕವನಿದ್ದಾಗ ನೀನೂ ಇಂಥದ್ದು ಆಡ್ತಿದ್ಯಾ? ಗೆಲ್ತಿದ್ಯಾ?”

ಆ ಬೇಸಿಗೆಯಲ್ಲಿ ನನ್ನನ್ನು ಸೋಲಿಸಿದವರೇ ಇರಲಿಲ್ಲ. ಮಾಲೇಕಲ್ಲಿನ ಹುಲಿಯ ಕಥೆ ನಾಲಿಗೆಯ ತುದಿಗೆ ಬಂತು. ಹೇಳಿದರೆ, ಎಲ್ಲಿ ಕೂತು ಆಡ್ತಿದ್ದೆ ಎಂದು ಕೇಳುತ್ತಾಳೆ.

“ಒಂದೊಂದ್ಸಲ,” ಅಂದೆ.